ಆನ್ಯುಟಿ ತೆಗೆದುಕೊಳ್ಳುವ ಮುಂಚೆ ಅಡುಗೆಮನೆ ಲೆಕ್ಕ ಹಾಕಿ

ನಮ್ಮ ದೊಡ್ಡಪ್ಪ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ರಿಟೈರ್ ಆದರು. ಪಿಎಫ್, ಗ್ರಾಚ್ಯುಟಿ, ಅಲ್ಲಿ ಇಲ್ಲಿ ಉಳಿಸಿದ್ದು ಎಲ್ಲಾ ಸೇರಿ ಕೈಯಲ್ಲಿ 38 ಲಕ್ಷ ಇತ್ತು. ಒಂದು ದಿನ ಎಫ್‌ಡಿ ರಿನ್ಯೂ ಮಾಡಿಸುತ್ತೇನೆ ಎಂದು ಬ್ಯಾಂಕಿಗೆ ಹೋದವರು ಪೆನ್ಶನ್ ಪ್ಲಾನ್ ಕೊಂಡು ಬಂದರು. 10 ಲಕ್ಷ ಕಟ್ಟಿ, ಆಮೇಲೆ ಜೀವನಪೂರ್ತಿ ಕೂತು ತಿನ್ನಿ ಎಂದು ಅಲ್ಲಿನ ಹುಡುಗ ಹೇಳಿದ್ದನಂತೆ. ಭಾನುವಾರ ನಾನು ಹೋಗಿ ಬಾಂಡ್ ತೆಗೆದು ಓದಿದರೆ, ಅದು ವರ್ಷಕ್ಕೆ 10 ಲಕ್ಷದಂತೆ ಐದು ವರ್ಷ ಕಟ್ಟಬೇಕಾದ ಪಾಲಿಸಿ. ಪೆನ್ಶನ್ ಶುರುವಾಗುವುದು ಹತ್ತು ವರ್ಷ ಕಳೆದ ಮೇಲೆ. ಇರುವುದು 38 ಲಕ್ಷ, ಕಟ್ಟಬೇಕಾದ್ದು 50 ಲಕ್ಷ!

ಅದೃಷ್ಟಕ್ಕೆ ಬಾಂಡ್ ಕೈಗೆ ಬಂದು ಎಂಟೇ ದಿನ ಆಗಿತ್ತು. ವಿಮಾ ಪಾಲಿಸಿ ಕೈಗೆ ಸಿಕ್ಕಿದ ದಿನದಿಂದ 30 ದಿನದ ಒಳಗೆ ಬೇಡ ಎಂದು ವಾಪಸ್ ಕೊಡಬಹುದು. ಇದಕ್ಕೆ ಫ್ರೀ ಲುಕ್ ಎನ್ನುತ್ತಾರೆ. ಅರ್ಜಿ ಬರೆದು ಕೊಟ್ಟೆವು, ಸ್ಟಾಂಪ್ ಖರ್ಚು ಅದೂ ಇದೂ ಎಂದು ಒಂದಿಷ್ಟು ಹಿಡಿದುಕೊಂಡು ಉಳಿದದ್ದು ವಾಪಸ್ ಬಂತು. ಆದರೆ ಆ ತಿಂಗಳು ದೊಡ್ಡಪ್ಪನ ಬಿಪಿ ಮಾತ್ರ ಕೆಳಗೆ ಇಳಿಯಲಿಲ್ಲ.

ಇಷ್ಟಾದ ಮೇಲೂ ಕೊನೆಗೆ ನಾವು ಒಂದು ಆನ್ಯುಟಿ ತೆಗೆದುಕೊಂಡೆವು. ಬೇರೆ ಥರದ್ದು, ಬೇರೆ ಲೆಕ್ಕದಲ್ಲಿ. ಅದನ್ನು ಹೇಗೆ ಮಾಡಿದೆವು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಆನ್ಯುಟಿ ಎಂದರೆ ಏನು

ವಿಮಾ ಕಂಪನಿಗೆ ಒಂದು ಗಂಟು ಕೊಡುತ್ತೀರಿ. ನೀವು ಬದುಕಿರುವಷ್ಟು ಕಾಲ ಅವರು ತಿಂಗಳಿಗೋ ವರ್ಷಕ್ಕೋ ಇಷ್ಟು ಎಂದು ಕೊಡುತ್ತಾ ಇರುತ್ತಾರೆ. ಅಷ್ಟೇ. ಕನ್ನಡದಲ್ಲಿ ಇದಕ್ಕೆ ವರ್ಷಾಶನ ಎಂಬ ಹಳೇ ಪದವೇ ಇದೆ. ನಮ್ಮ ಕಡೆ ಹಳ್ಳಿ ದೇವಸ್ಥಾನಗಳಿಗೆ ಬರುವ ತಸ್ತೀಕು ಗೊತ್ತಲ್ಲ, ಇನಾಂ ಜಮೀನು ಸರ್ಕಾರಕ್ಕೆ ಹೋದ ಮೇಲೆ ವರ್ಷಕ್ಕೆ ಇಷ್ಟು ಎಂದು ಕೊಡುತ್ತಾರಲ್ಲ, ಹೆಚ್ಚುಕಡಿಮೆ ಅದೇ ರೀತಿ. ಆಸ್ತಿ ಹೋಯಿತು, ಬದಲಿಗೆ ಪ್ರತಿ ವರ್ಷ ದುಡ್ಡು ಬರುತ್ತದೆ. ತಸ್ತೀಕಿನ ಕಷ್ಟ ಏನು ಎಂದು ಯಾವ ಅರ್ಚಕರನ್ನಾದರೂ ಕೇಳಿ: ಬೆಲೆ ಏರುತ್ತದೆ, ತಸ್ತೀಕು ಏರುವುದಿಲ್ಲ. ಅರ್ಚಕರು ಕೇಳಿ ಕೇಳಿ ಸರ್ಕಾರದಿಂದ ಆಗಾಗ ಜಾಸ್ತಿ ಮಾಡಿಸಿಕೊಂಡಿದ್ದಾರೆ. ವಿಮಾ ಕಂಪನಿ ಮುಂದೆ ಧರಣಿ ಕೂತರೂ ನಿಮ್ಮ ಪೆನ್ಶನ್ ಹತ್ತು ರೂಪಾಯಿ ಏರುವುದಿಲ್ಲ.

ದೊಡ್ಡಪ್ಪ ಕೇಳಿದ ಪ್ರಶ್ನೆ ಚೆನ್ನಾಗಿತ್ತು. "ಅಲ್ಲ ಕಣೋ, ನಮ್ಮ ದುಡ್ಡನ್ನ ನಮಗೇ ತಿಂಗಳು ತಿಂಗಳು ಕೊಡೋದಕ್ಕೆ ಅವರು ಯಾಕೆ ಬೇಕು? ನಾನೇ ಡಬ್ಬದಲ್ಲಿಟ್ಟು ತೆಗೆದುಕೊಳ್ಳಲ್ವಾ?" ತೆಗೆದುಕೊಳ್ಳಬಹುದು. ಆದರೆ ಡಬ್ಬ ಎಷ್ಟು ವರ್ಷ ಬರಬೇಕು ಎಂದು ನಮಗೆ ಗೊತ್ತಿಲ್ಲ. 75ಕ್ಕೆ ಹೋದರೆ ಉಳಿದುಬಿಡುತ್ತದೆ, 95 ಮುಟ್ಟಿದರೆ ಹತ್ತು ವರ್ಷ ಮೊದಲೇ ಖಾಲಿ. ಕಂಪನಿಗೆ ಆ ಚಿಂತೆ ಇಲ್ಲ, ಯಾಕೆಂದರೆ ಅವರ ಹತ್ತಿರ ಲಕ್ಷಾಂತರ ಜನ ಇದ್ದಾರೆ, ಬೇಗ ಹೋದವರ ದುಡ್ಡು ತಡವಾಗಿ ಹೋಗುವವರಿಗೆ ಸಾಗುತ್ತದೆ. ಜೀವ ವಿಮೆ ಬೇಗ ಸತ್ತರೆ ಕೊಡುತ್ತದೆ, ಇದು ಬೇಗ ಸಾಯದಿದ್ದರೆ ಕೊಡುತ್ತದೆ. ಹಾಗಾಗಿ ಇದನ್ನು ಎಷ್ಟು ಪರ್ಸೆಂಟ್ ಬರುತ್ತದೆ ಎಂದು ಬರೀ ಎಫ್‌ಡಿ ಥರ ಅಳೆಯಬೇಡಿ. ತುಂಬಾ ವರ್ಷ ಬದುಕಿದರೆ ಯಾರ ಮುಂದೆಯೂ ಕೈಚಾಚಬಾರದು ಎಂಬುದಕ್ಕೆ ಕೊಡುವ ಬೆಲೆ ಇದು. ಆ ಬೆಲೆ ಎಷ್ಟು ದುಡ್ಡಿಗೆ ಕೊಡಬೇಕು ಎನ್ನುವುದೇ ವಿಷಯ. ಇಡೀ 38 ಲಕ್ಷಕ್ಕೆ ಖಂಡಿತ ಅಲ್ಲ.

ಒಂದನೇ ಹೆಜ್ಜೆ: ತಿಂಗಳ ತೂತು ಎಷ್ಟು?

ಒಂದು ಹಾಳೆ ತೆಗೆದುಕೊಳ್ಳಿ. ಏನೇ ಆದರೂ ನಿಲ್ಲದ ಖರ್ಚು ಮಾತ್ರ ಬರೆಯಿರಿ. ಅಕ್ಕಿ ಬೇಳೆ, ಹಾಲು, ಗ್ಯಾಸ್, ಕರೆಂಟು, ನೀರು, ಮಾತ್ರೆ, ಫೋನು, ಮನೆ ಕೆಲಸದವರಿಗೆ ಕೊಡುವುದು. ಕಂದಾಯ ವರ್ಷಕ್ಕೊಮ್ಮೆ ಬರುತ್ತದೆ, ಅದನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ತೀರ್ಥಯಾತ್ರೆ, ಮೊಮ್ಮಗಳ ಓಲೆ ಇದರಲ್ಲಿ ಬರುವುದಿಲ್ಲ. ದೊಡ್ಡಪ್ಪನ ಮನೆಯಲ್ಲಿ ಇದು 26,000 ಆಯಿತು. ಈ ಪಟ್ಟಿ ಬರೆಸಿದ್ದು ದೊಡ್ಡಮ್ಮ. ದೊಡ್ಡಪ್ಪ ಹೇಳಿದ್ದು 15,000, ಸೊಪ್ಪಿನ ಬೆಲೆ ಅವರ ಲೆಕ್ಕದಲ್ಲಿ ಇನ್ನೂ ಕಟ್ಟಿಗೆ 5 ರೂಪಾಯಿಯಲ್ಲೇ ಇತ್ತು. ಆದ್ದರಿಂದ ಪಟ್ಟಿ ಯಾರು ಅಡುಗೆ ಮಾಡುತ್ತಾರೋ ಅವರಿಂದಲೇ ಬರೆಸಿ.

ಆಮೇಲೆ ಹೇಗೂ ಬರುವ ದುಡ್ಡು ಕಳೆಯಿರಿ. ಪಿಎಫ್ ಕಡೆಯಿಂದ ಬರುವ ಪೆನ್ಶನ್ 3,600, ಮಹಡಿ ಮನೆ ಬಾಡಿಗೆ 7,500. ಉಳಿಯಿತು 14,900. ಇದೇ ತೂತು. ಮುಚ್ಚಬೇಕಾದ್ದು ಇದನ್ನು ಮಾತ್ರ.

ಮಂಡ್ಯ ಕಡೆ ಜಮೀನಿನವರಿಗೆ ಈ ಲೆಕ್ಕ ಸ್ವಲ್ಪ ಬೇರೆ ಥರ. ಕಬ್ಬಿನ ದುಡ್ಡು ತಿಂಗಳಿಗೆ ಬರುವುದಲ್ಲ, ಕಟಾವಾಗಿ ಕಾರ್ಖಾನೆ ಕೊಟ್ಟಾಗ ಬರುವುದು. ಅಂಥವರು ವರ್ಷದ ಲೆಕ್ಕ ಹಾಕುವುದು ಒಳ್ಳೆಯದು. ಇನ್ನು ಬೆಂಗಳೂರು–ಮೈಸೂರು ಹೈವೇಗೆ ಜಮೀನು ಹೋಗಿ ಪರಿಹಾರ ಬಂದವರ ಕಥೆ ನಮ್ಮ ನೆಂಟರಲ್ಲೇ ಮೂರು ಇದೆ. ಒಬ್ಬರದು ಕಾರು ಮತ್ತು ಮಗಳ ಮದುವೆಯಲ್ಲಿ ಮುಗಿಯಿತು, ಇನ್ನೊಬ್ಬರದು ಅಣ್ಣತಮ್ಮಂದಿರ ಕೋರ್ಟಿನಲ್ಲಿ. ಮೂರನೆಯವರು ಒಂದು ಭಾಗ ತೆಗೆದು ಪೆನ್ಶನ್ನಿಗೆ ಹಾಕಿದರು. ಗದ್ದೆ ವರ್ಷ ವರ್ಷ ಅನ್ನ ಕೊಡುತ್ತಿತ್ತು, ಗದ್ದೆ ಹೋದ ಮೇಲೆ ಬಂದ ದುಡ್ಡಿನಲ್ಲಿ ಒಂದು ಪಾಲಾದರೂ ಅದೇ ಕೆಲಸ ಮಾಡಲಿ ಎಂದು. ಜೊತೆಗೆ ಇನ್ನೊಂದು ಲಾಭ ಆಯಿತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಆನ್ಯುಟಿಯಲ್ಲಿರುವ ದುಡ್ಡನ್ನು ಸೈಟಿಗೆ ಕೊಡು ಎಂದು ಮಕ್ಕಳು ಪೀಡಿಸುವುದು ಅಷ್ಟು ಸುಲಭವಲ್ಲ. "ಅದು ಸುಲಭಕ್ಕೆ ಬರಲ್ಲ ಮಗ" ಎಂದರೆ ಮುಗಿಯಿತು, ಯಾರ ಮೇಲೂ ಯಾರಿಗೂ ಬೇಜಾರಿಲ್ಲ.

ಎರಡನೇ ಹೆಜ್ಜೆ: ಮೊದಲು ಪೋಸ್ಟ್ ಆಫೀಸಿಗೆ ಹೋಗಿ

ಆನ್ಯುಟಿ ಮಾರುವವರು ಇದನ್ನು ಹೇಳುವುದಿಲ್ಲ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರಲ್ಲಿ ಇದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು, ಬಡ್ಡಿಯನ್ನು ಶೇ 8.2 ಮಾಡಿದರು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಆದರೆ ನೀವು ಇಟ್ಟ ದಿನ ಇದ್ದ ದರ ಐದು ವರ್ಷ ಹಾಗೇ ಇರುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬೀಳುತ್ತದೆ, ಐದು ವರ್ಷದ ಮೇಲೆ ಅಸಲು ಪೂರ್ತಿ ನಿಮ್ಮದೇ. ದೊಡ್ಡಪ್ಪ 15 ಲಕ್ಷ ಇಟ್ಟರು. ವರ್ಷಕ್ಕೆ 1,23,000, ಅಂದರೆ ತಿಂಗಳಿಗೆ 10,250 ಲೆಕ್ಕ. 14,900ರ ತೂತು 4,650ಕ್ಕೆ ಇಳಿಯಿತು.

ಹಾಗಾದರೆ ಪೂರ್ತಿ ಅಲ್ಲೇ ಇಡಬಹುದಲ್ವಾ? ಇಡಬಹುದು, ಆದರೆ ಅದು ಐದು ವರ್ಷದ್ದು, ಬೇಕಾದರೆ ಮೂರು ಮೂರು ವರ್ಷ ಮುಂದಕ್ಕೆ ಹಾಕಬಹುದು. ಆದರೆ ಹಾಗೆ ಮುಂದಕ್ಕೆ ಹಾಕಿದಾಗ ಸಿಗುವುದು ಆ ಹೊತ್ತಿಗೆ ಇರುವ ದರ. ಬಡ್ಡಿ ಆಗ ಶೇ 6 ಇದ್ದರೆ ನಿಮ್ಮ ಪಾಡು ಅಷ್ಟೇ. ಆನ್ಯುಟಿಯಲ್ಲಿ ಇವತ್ತು ಬರೆದ ಮೊತ್ತ ನಿಮ್ಮ 90ನೇ ವಯಸ್ಸಿಗೂ ಅದೇ. ಕೊಂಚ ಕಡಿಮೆ ದರ ಒಪ್ಪಿಕೊಳ್ಳುವುದು ಇದಕ್ಕೋಸ್ಕರ, ಅದೂ ಉಳಿದ 4,650ಕ್ಕೆ ಮಾತ್ರ.

ಮೂರನೇ ಹೆಜ್ಜೆ: ಯಾವ ಆಯ್ಕೆ

ಇಲ್ಲಿ ನಿಧಾನವಾಗಿ ಓದಿ. ಫಾರಂನಲ್ಲಿ ಎ, ಬಿ, ಸಿ ಎಂದು ಹತ್ತು ಆಯ್ಕೆ ಇರುತ್ತವೆ (ಎಲ್‌ಐಸಿಯ ಜೀವನ್ ಅಕ್ಷಯ್ 7ರಲ್ಲಿ ಸರಿಯಾಗಿ ಹತ್ತಿವೆ), ಒಂದು ಸಲ ಟಿಕ್ ಹಾಕಿದರೆ ಆಮೇಲೆ ಬದಲಾಯಿಸಲು ಬರುವುದಿಲ್ಲ. ಅಸಲಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡೇ. ನಾನು ಹೋದ ಮೇಲೆ ಗಂಟು ಯಾರಿಗಾದರೂ ವಾಪಸ್ ಹೋಗಬೇಕಾ? ನಾನು ಹೋದ ಮೇಲೆ ಹೆಂಡತಿಗೆ ಪೆನ್ಶನ್ ಮುಂದುವರಿಯಬೇಕಾ?

ಮೊದಲ ಪ್ರಶ್ನೆ. ಬಂಡವಾಳ ವಾಪಸ್ ಇರುವ ಆಯ್ಕೆ ನಮ್ಮ ಭೋಗ್ಯದ ಮನೆ ಇದ್ದಂತೆ. ಕೊಟ್ಟ ಮೊತ್ತ ಕೊನೆಗೆ ಹಾಗೇ ವಾಪಸ್, ಆದರೆ ನಿಮಗಲ್ಲ, ನಾಮಿನಿಗೆ. ವಾಪಸ್ ಇಲ್ಲದ ಆಯ್ಕೆಯಲ್ಲಿ ಪೆನ್ಶನ್ ಜಾಸ್ತಿ, ಆದರೆ ನೀವು ಹೋದ ದಿನ ಲೆಕ್ಕ ಚುಕ್ತಾ. ಉದಾಹರಣೆಗೆ 10 ಲಕ್ಷಕ್ಕೆ ವಾಪಸ್ ಇರುವ ಆಯ್ಕೆಯಲ್ಲಿ ವರ್ಷಕ್ಕೆ 65,000, ಇಲ್ಲದ್ದರಲ್ಲಿ 82,000 ಎಂದು ಇಟ್ಟುಕೊಳ್ಳಿ (ದರ ವಯಸ್ಸಿನ ಮೇಲೆ, ಕಂಪನಿಯ ಮೇಲೆ, ಕೊಳ್ಳುವ ದಿನದ ಮೇಲೆ ಬದಲಾಗುತ್ತದೆ, ಇದು ಬರೀ ಲೆಕ್ಕಕ್ಕೆ). 82,000 ನೋಡಿ ಶೇ 8.2 ಬಡ್ಡಿ ಎಂದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಅಸಲೇ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತಿದೆ. 60ಕ್ಕೆ ತೆಗೆದುಕೊಂಡರೆ ಕೊಟ್ಟ 10 ಲಕ್ಷ ಕೈ ಸೇರುವುದಕ್ಕೇ 72 ದಾಟುತ್ತದೆ. 75ರವರೆಗೆ ಬದುಕಿದರೆ ನಿಜವಾಗಿ ಸಿಕ್ಕಿದ್ದು ಶೇ 2.7ರಷ್ಟು. 82ರವರೆಗೆ ಬದುಕಿದರೆ ಶೇ 6ಕ್ಕೆ ಹತ್ತಿರ. 90 ಮುಟ್ಟಿದರೆ ಶೇ 7ರ ಮೇಲೆ. ನಿಮ್ಮ ಮನೆತನದಲ್ಲಿ ಅಜ್ಜಿಯರು 92, 94 ಎಂದು ಬದುಕಿದ್ದಾರಾ, ಮಕ್ಕಳು ಚೆನ್ನಾಗಿ ಸಂಪಾದಿಸುತ್ತಿದ್ದಾರಾ? ಹಾಗಿದ್ದರೆ ವಾಪಸ್ ಇಲ್ಲದ್ದು ಯೋಚಿಸಬಹುದು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಲ್ಲಾ ಈಗಾಗಲೇ ಇದ್ದರೆ ವಾಪಸ್ ಇರುವುದೇ ಸರಿ. ನಡುವೆ ಇನ್ನೊಂದು ಇದೆ, ನೀವು ಇರಲಿ ಬಿಡಲಿ ಹತ್ತು ಅಥವಾ ಹದಿನೈದು ವರ್ಷ ಗ್ಯಾರಂಟಿ ಕೊಡುತ್ತೇವೆ, ಆಮೇಲೆ ಬದುಕಿರುವವರೆಗೆ ಎನ್ನುವುದು. ಎರಡರ ನಡುವೆ ತೂಗುತ್ತಿರುವವರಿಗೆ ಅದು.

ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಒಂದೇ ಉತ್ತರ. ಹೆಂಡತಿ ಇದ್ದರೆ ಜಾಯಿಂಟ್, ಅದೂ ನೂರಕ್ಕೆ ನೂರು ಮುಂದುವರಿಯುವುದು. ಅರ್ಧ ಮಾತ್ರ ಮುಂದುವರಿಯುವ ಆಯ್ಕೆಯೂ ಇದೆ, ತಿಂಗಳಿಗೆ ಕೆಲವು ನೂರು ಜಾಸ್ತಿ ಸಿಗುತ್ತದೆ ಎಂದು ಗಂಡಸರು ಅದಕ್ಕೆ ಟಿಕ್ ಹಾಕುತ್ತಾರೆ. ಒಬ್ಬರು ಹೋದರೆ ಅಕ್ಕಿ ಅರ್ಧ ಆಗಬಹುದು, ಕರೆಂಟು, ಕಂದಾಯ, ಆಟೋ ಚಾರ್ಜು ಅರ್ಧ ಆಗುತ್ತಾ? ನಮ್ಮಲ್ಲಿ ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ನಾಲ್ಕೈದು ವರ್ಷ ಚಿಕ್ಕವರು, ಹೆಚ್ಚು ವರ್ಷ ಬದುಕುವವರೂ ಅವರೇ. ಪೆನ್ಶನ್ ನಿಜವಾಗಿ ಬೇಕಾಗುವುದು ಅವರಿಗೆ. ಬಂಡವಾಳ ವಾಪಸ್ ಇರುವ ಆಯ್ಕೆಯಲ್ಲಂತೂ ಒಬ್ಬರ ಹೆಸರಿನದಕ್ಕೂ ಜಾಯಿಂಟಿಗೂ ವ್ಯತ್ಯಾಸ ತುಂಬಾ ಕಡಿಮೆ. ದೊಡ್ಡಪ್ಪ ಇದನ್ನೇ ತೆಗೆದುಕೊಂಡರು: ಜಾಯಿಂಟ್, ಪೂರ್ತಿ ಮುಂದುವರಿಕೆ, ಇಬ್ಬರೂ ಹೋದ ಮೇಲೆ ಮಕ್ಕಳಿಗೆ ಅಸಲು. 9 ಲಕ್ಷ ಹಾಕಿದರು, ವರ್ಷಕ್ಕೆ 58,500, ತಿಂಗಳ ಲೆಕ್ಕದಲ್ಲಿ 4,875. ತೂತು ಮುಚ್ಚಿತು.

ಹತ್ತು ಆಯ್ಕೆ ನೋಡಿದರೆ ತಲೆ ತಿರುಗುತ್ತದೆ ಎನ್ನುವವರು ಸರಳ್ ಪೆನ್ಶನ್ ಕೇಳಿ. 2021ರ ಏಪ್ರಿಲ್‌ನಿಂದ ಎಲ್ಲಾ ಕಂಪನಿಗಳೂ ಒಂದೇ ಹೆಸರಿನಲ್ಲಿ, ಒಂದೇ ನಿಯಮದಲ್ಲಿ ಇದನ್ನು ಮಾರಬೇಕು ಎಂದು ವಿಮಾ ನಿಯಂತ್ರಕರು ಮಾಡಿದ್ದಾರೆ. ಆಯ್ಕೆ ಎರಡೇ, ಎರಡರಲ್ಲೂ ಬಂಡವಾಳ ವಾಪಸ್. ವಯಸ್ಸು 40ರಿಂದ 80. ಆರು ತಿಂಗಳಾದ ಮೇಲೆ ನಿಮಗೋ ಹೆಂಡತಿಗೋ ಮಕ್ಕಳಿಗೋ ಪಟ್ಟಿಯಲ್ಲಿರುವ ಗಂಭೀರ ಕಾಯಿಲೆ ಬಂದರೆ ಶೇ 95 ವಾಪಸ್ ತೆಗೆದುಕೊಳ್ಳಬಹುದು. ನಿಯಮ ಒಂದೇ ಆದ್ದರಿಂದ ಕಂಪನಿ ಕಂಪನಿ ನಡುವೆ ದರ ಹೋಲಿಸುವುದೂ ಸುಲಭ.

"ಶೇ 12 ಗ್ಯಾರಂಟಿ" ಎಂದವರಿಗೆ ಕಾಫಿ ಕೊಟ್ಟು ಕಳಿಸಿ

ಕೂಡಲೇ ಶುರುವಾಗುವುದು ಒಂದು ಥರ, ಐದು ಹತ್ತು ವರ್ಷ ಬಿಟ್ಟು ಶುರುವಾಗುವುದು ಇನ್ನೊಂದು ಥರ. ಎರಡನೆಯದರಲ್ಲಿ ದೊಡ್ಡ ಪರ್ಸೆಂಟ್ ತೋರಿಸುತ್ತಾರೆ. ಇವತ್ತು 10 ಲಕ್ಷ ಕೊಡಿ, ಹತ್ತು ವರ್ಷ ಆದ ಮೇಲೆ ವರ್ಷಕ್ಕೆ 1,20,000, ಅಂದರೆ ಶೇ 12! ಸರಿ, ಆ ಹತ್ತು ವರ್ಷ ನಿಮ್ಮ 10 ಲಕ್ಷ ಏನು ಮಾಡುತ್ತಿತ್ತು? ಎಫ್‌ಡಿಯಲ್ಲಿ ಶೇ 6.5ಕ್ಕೆ ಸುಮ್ನೆ ಬಿಟ್ಟಿದ್ದರೂ 18.77 ಲಕ್ಷ ಆಗುತ್ತಿತ್ತು. 18.77 ಲಕ್ಷಕ್ಕೆ 1,20,000 ಅಂದರೆ ಶೇ 6.4. ಹನ್ನೆರಡು ಎಲ್ಲಿ ಹೋಯಿತು? ಈ ಥರದ್ದು ಕೆಟ್ಟದ್ದು ಎಂದಲ್ಲ, 50ರ ಆಸುಪಾಸಿನವರು ಇವತ್ತಿನ ದರ ಕಟ್ಟಿಹಾಕಿಕೊಳ್ಳಲು ತೆಗೆದುಕೊಳ್ಳಬಹುದು. ಪರ್ಸೆಂಟ್ ನೋಡಿ ಮಾತ್ರ ಬೀಳಬೇಡಿ. ಮತ್ತು ಕಟ್ಟುವುದು ಒಂದೇ ಸಲವಾ ಪ್ರತಿ ವರ್ಷವಾ ಎಂದು ಬರವಣಿಗೆಯಲ್ಲಿ ತೋರಿಸಿ ಎನ್ನಿ, ನಮ್ಮ ದೊಡ್ಡಪ್ಪನ ಪಾಠ ಅದು.

ನಾಲ್ಕನೇ ಹೆಜ್ಜೆ: ಬೆಲೆ ಏರಿಕೆಗೆ ಬೇರೆ ಗಂಟು

ಬೆಲೆ ವರ್ಷಕ್ಕೆ ಶೇ 6 ಏರಿದರೆ ಹನ್ನೆರಡು ವರ್ಷದಲ್ಲಿ ನಿಮ್ಮ 4,875 ಈಗಿನ 2,400ರಷ್ಟು ಮಾತ್ರ ಬಾಳುತ್ತದೆ. ನಂದಿನಿ ಹಾಲು 2025ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ ಲೀಟರಿಗೆ 4 ರೂಪಾಯಿ ಏರಿತು, ಪೆನ್ಶನ್ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ವರ್ಷಕ್ಕೆ ಶೇ 3 ಏರುವ ಆಯ್ಕೆ ಇದೆ, ಆದರೆ ಅದು ಚಕ್ರಬಡ್ಡಿಯಂತೆ ಏರುವುದಲ್ಲ, ಮೊದಲ ವರ್ಷದ ಮೊತ್ತದ ಮೇಲೆ ಶೇ 3 ಮಾತ್ರ, ಶುರುವಿನ ಮೊತ್ತವೂ ಕಡಿಮೆ.

ಅದಕ್ಕೇ ಎಲ್ಲವನ್ನೂ ಇದರಲ್ಲಿ ಹಾಕಬೇಡಿ ಎನ್ನುವುದು. ದೊಡ್ಡಪ್ಪನ ಹತ್ತಿರ 15 ಮತ್ತು 9 ಹೋಗಿ 14 ಲಕ್ಷ ಉಳಿಯಿತು. 5 ಲಕ್ಷ ಆಸ್ಪತ್ರೆಗೆ ಎಂದು ಎಫ್‌ಡಿ, ಮುಟ್ಟುವ ಹಾಗಿಲ್ಲ. ಉಳಿದದ್ದು ಬ್ಯಾಂಕ್ ಮತ್ತು ಮ್ಯೂಚುವಲ್ ಫಂಡ್ ನಡುವೆ ಹಂಚಿದ್ದೇವೆ. ಮ್ಯೂಚುವಲ್ ಫಂಡ್ ಎಂದರೆ ದೊಡ್ಡಪ್ಪನಿಗೆ ಈಗಲೂ ರೇಸ್ ಕೋರ್ಸ್ ನೆನಪಾಗುತ್ತದೆ, ಅದು ಬೇರೆ ಮಾತು. ಐದು ವರ್ಷಕ್ಕೆ ಪೋಸ್ಟ್ ಆಫೀಸಿನ 15 ಲಕ್ಷ ಬಂದಾಗ ಅದರಲ್ಲಿ ಸ್ವಲ್ಪಕ್ಕೆ ಇನ್ನೊಂದು ಆನ್ಯುಟಿ ನೋಡುತ್ತೇವೆ. ವಯಸ್ಸು ಹೆಚ್ಚಿದ ಹಾಗೆ ಅದೇ ದುಡ್ಡಿಗೆ ಪೆನ್ಶನ್ ಜಾಸ್ತಿ ಸಿಗುತ್ತದೆ, ಮುಖ್ಯವಾಗಿ ವಾಪಸ್ ಇಲ್ಲದ ಆಯ್ಕೆಯಲ್ಲಿ. 60ಕ್ಕೆ ಒಂದು, 65ಕ್ಕೆ ಒಂದು, 70ಕ್ಕೆ ಒಂದು ಎಂದು ತುಂಡು ತುಂಡಾಗಿ ಕೊಂಡರೆ ಬಡ್ಡಿ ಬಿದ್ದಾಗ ಪೂರ್ತಿ ಸಿಕ್ಕಿಹಾಕಿಕೊಳ್ಳುವುದೂ ತಪ್ಪುತ್ತದೆ.

ಎನ್‌ಪಿಎಸ್‌ನವರಿಗೆ ಒಂದು ಮಾತು

ರಾಜ್ಯ ಸರ್ಕಾರದ ಕೆಲಸಕ್ಕೆ 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪೆನ್ಶನ್ ಬದಲು, ಸಂಬಳದಿಂದ ಕಟ್ಟುತ್ತಾ ಬಂದ ಗಂಟಿನಿಂದ ಪೆನ್ಶನ್ ಮಾಡಿಕೊಳ್ಳುವ ಎನ್‌ಪಿಎಸ್ ಬಂತಲ್ಲ, ಅವರಿಗೆ ಆನ್ಯುಟಿ ಇಷ್ಟ ಇದ್ದರೆ ಕೊಳ್ಳುವುದಲ್ಲ, ಕಡ್ಡಾಯ. ರಿಟೈರ್ ಆದಾಗ ಗಂಟಿನಲ್ಲಿ ಕನಿಷ್ಠ ಶೇ 40 ಆನ್ಯುಟಿಗೆ ಹೋಗಬೇಕು. ಇದೇ ಯೋಜನೆಯಲ್ಲಿರುವ ಖಾಸಗಿಯವರಿಗೂ 40 ಇತ್ತು, 2025ರ ಡಿಸೆಂಬರ್‌ನಲ್ಲಿ ಅದನ್ನು 20ಕ್ಕೆ ಇಳಿಸಿದರು. ಕಡ್ಡಾಯ ಎನ್ನುವುದು ಮೊತ್ತಕ್ಕೆ ಮಾತ್ರ. ಯಾವ ಕಂಪನಿ, ಯಾವ ಆಯ್ಕೆ ಎನ್ನುವುದು ನಿಮ್ಮದೇ. ಆಫೀಸಿನಲ್ಲಿ ಎಲ್ಲರೂ ಹಾಕಿದ್ದಕ್ಕೇ ಟಿಕ್ ಹಾಕಬೇಡಿ.

ಐದನೇ ಹೆಜ್ಜೆ: ಕೊಳ್ಳುವ ದಿನ

ಒಂದೇ ಮೊತ್ತ, ಒಂದೇ ವಯಸ್ಸು, ಒಂದೇ ಆಯ್ಕೆ ಹೇಳಿ ಮೂರು ನಾಲ್ಕು ಕಂಪನಿಗಳ ದರ ತೆಗೆಯಿರಿ. ಎಲ್‌ಐಸಿ, ಎಸ್‌ಬಿಐ ಲೈಫ್, ಎಚ್‌ಡಿಎಫ್‌ಸಿ ಲೈಫ್ ಹೀಗೆ, ಅವರ ವೆಬ್‌ಸೈಟಿನಲ್ಲೇ ಲೆಕ್ಕ ಬರುತ್ತದೆ. ತಿಂಗಳಿಗೆ ಇನ್ನೂರು ರೂಪಾಯಿ ವ್ಯತ್ಯಾಸ ಚಿಕ್ಕದು ಅನಿಸಬಹುದು, ಇಪ್ಪತ್ತೈದು ವರ್ಷಕ್ಕೆ ಅದು 60,000. ವರ್ಷಕ್ಕೊಮ್ಮೆ ತೆಗೆದುಕೊಂಡರೆ ಒಟ್ಟು ಮೊತ್ತ ತಿಂಗಳಿನದಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಮೊದಲ ಕಂತಿಗೆ ಒಂದು ವರ್ಷ ಕಾಯಬೇಕು.

ತೆರಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರುವ ಪೆನ್ಶನ್ ಪೂರ್ತಿ ನಿಮ್ಮ ವರ್ಷದ ಆದಾಯಕ್ಕೆ ಸೇರುತ್ತದೆ, ಅದರಲ್ಲಿ ನಿಮ್ಮ ಅಸಲೇ ಸೇರಿದ್ದರೂ ಸಹ. ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ ಒಳಗಿನ ಇಂಥ ಆದಾಯಕ್ಕೆ ಈಗ ತೆರಿಗೆ ಬೀಳುವುದಿಲ್ಲವಾದ್ದರಿಂದ ನಮ್ಮಂಥವರಿಗೆ ಇದು ತಲೆನೋವಲ್ಲ.

ಬಾಂಡ್ ಬಂದ ದಿನವೇ ಕೂತು ಓದಿ. ಇಬ್ಬರ ಹೆಸರು ಆಧಾರ್‌ನಲ್ಲಿ ಇದ್ದಂತೆ ಇದೆಯಾ, ಹುಟ್ಟಿದ ತಾರೀಖು ಸರಿಯಾ, ಆಯ್ಕೆ ನೀವು ಹೇಳಿದ್ದೇನಾ, ನಾಮಿನಿ ಯಾರು. ತಪ್ಪಿದ್ದರೆ ಆ 30 ದಿನದ ಒಳಗೇ ಎದ್ದೇಳಿ. ಕಂಪನಿ ಕಿವಿಗೊಡದಿದ್ದರೆ ಬಿಮಾ ಭರೋಸಾ ಎಂಬ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಹಾಕಬಹುದು, 155255ಕ್ಕೆ ಫೋನ್ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ (ವಿಮೆಯ ದೂರು ಕೇಳಿ ತೀರ್ಮಾನ ಕೊಡುವವರು), ಅಲ್ಲಿ ದುಡ್ಡು ಕಟ್ಟಬೇಕಿಲ್ಲ, ಲಾಯರೂ ಬೇಕಿಲ್ಲ.

ಇನ್ನು ಉಳಿದದ್ದು ಬದುಕಿದ್ದೇನೆ ಎಂದು ಕಂಪನಿ ಕೇಳಿದಾಗಲೆಲ್ಲ ತೋರಿಸುವುದು. ಆ ಲೈಫ್ ಸರ್ಟಿಫಿಕೇಟ್ ಹೋಗದಿದ್ದರೆ ಪೆನ್ಶನ್ ನಿಲ್ಲುತ್ತದೆ. ಈಗ ಫೋನಿನಲ್ಲೇ ಮುಖ ತೋರಿಸಿ ಮುಗಿಸಬಹುದು, ಎಲ್‌ಐಸಿಗೂ ಅದರದೇ ಆ್ಯಪ್ ಇದೆ. ಯಾವ ತಿಂಗಳು ಎಂದು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಬಾಂಡ್ ಎಲ್ಲಿದೆ ಎಂದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ದೊಡ್ಡಪ್ಪ ಅದನ್ನು ಗಾಡ್ರೇಜ್ ಬೀರುವಿನ ಲಾಕರಿನಲ್ಲಿಟ್ಟು ಕೀ ಎಲ್ಲೋ ಇಟ್ಟು ಮರೆತಿದ್ದರು. ಈಗ ಅದರ ಜೆರಾಕ್ಸ್ ಒಂದನ್ನು ದೊಡ್ಡಮ್ಮ ಪಂಚಾಂಗದ ಒಳಗೆ ಮಡಚಿ ಇಟ್ಟಿದ್ದಾರೆ, ಆ ಮನೆಯಲ್ಲಿ ದಿನಾ ಬೆಳಗ್ಗೆ ಕೈಗೆ ತೆಗೆದುಕೊಳ್ಳುವ ಪುಸ್ತಕ ಅದೊಂದೇ.